ಬಿಸಿಲಿಗೆ ಹೋದವರ ಹಾಸಿಗೆ ಖಾಲಿಯಲ್ಲ

ಮಾನ್ಯ ಅಧ್ಯಕ್ಷರೇ, ಹಳೆಯ ಪದವಿ ಇನ್ನೂ ನೆನಪಿದ್ದರೆ ಮಾನ್ಯ ಡಾಕ್ಟರೇ,

ನಮ್ಮೂರಿನ ಆಸ್ಪತ್ರೆಯ ಶ್ವಾಸಕೋಶದ ವಾರ್ಡಿನಲ್ಲಿ ಹಾಸಿಗೆಗಳು ಖಾಲಿ ಬಿದ್ದಿವೆ, ಆದ್ದರಿಂದ ಅದನ್ನು ಮುಚ್ಚಿ ರೋಗಿಗಳನ್ನು ನಗರದ ದೊಡ್ಡ ಆಸ್ಪತ್ರೆಗೆ ಕಳಿಸಲಾಗುವುದು ಎಂದು ನಿಮ್ಮ ಪ್ರಾದೇಶಿಕ ಆಸ್ಪತ್ರೆ ಮಂಡಳಿ ತೀರ್ಮಾನಿಸಿದೆ. ವಾರ್ಡಿನ ಬಾಗಿಲಿಗೆ ಅಂಟಿಸಿರುವ ಪ್ರಕಟಣೆಯ ಕೆಳಗೆ ನಿಮ್ಮ ಸಹಿಯಿದೆ. ಆ ಹಾಸಿಗೆಗಳು ಖಾಲಿ ಇರಲಿಲ್ಲ. ಅದು ನಿಮಗೆ ಗೊತ್ತಿತ್ತು ಎಂಬುದು ನನ್ನ ಸಂಶಯ. ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೈಮುಗಿಯುವ ಸಭ್ಯತೆ ನನಗಿನ್ನೂ ಬಂದಿಲ್ಲ. ಹಾಗಾಗಿ ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಿಟಕಿ ಪಕ್ಕದ ಹಾಸಿಗೆ ನನ್ನ ಚಿಕ್ಕಮ್ಮನದು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ನೂಲಿನ ಗಿರಣಿಯಲ್ಲಿ ದುಡಿದು ಹತ್ತಿಯ ಧೂಳನ್ನೆಲ್ಲ ಎದೆಗೆ ತುಂಬಿಕೊಂಡವಳು. ಉಸಿರು ಕಟ್ಟಿ ಮೊದಲ ಸಲ ಅವಳು ಇಲ್ಲಿಗೆ ಬಂದಾಗ ನೀವು ಇದೇ ವಾರ್ಡಿನ ವೈದ್ಯರು. ನೀವು ಆಗ ಒಂದು ನಿಯಮ ಮಾಡಿದ್ದಿರಿ: ಬೆಳಗಿನ ಚಹಾ ಮುಗಿದ ಮೇಲೆ ಯಾರೂ ಹಾಸಿಗೆಯ ಮೇಲಿರಬಾರದು, ಎಲ್ಲರೂ ಹಿಂದಿನ ಜಗಲಿಗೆ ಹೋಗಿ ಬಿಸಿಲಲ್ಲಿ ಕೂತು ಉಸಿರಾಟದ ಅಭ್ಯಾಸ ಮಾಡಬೇಕು. ನಡೆಯಲಾಗದವರನ್ನು ಗಾಲಿಕುರ್ಚಿಯಲ್ಲಿ ಒಯ್ಯಬೇಕು. ಬೆಳಕಿಗೆ ಅಡ್ಡ ಬರುತ್ತವೆಂದು ಕಿಟಕಿಯ ಪರದೆಗಳನ್ನೂ ನೀವೇ ಕಿತ್ತು ಹಾಕಿಸಿದಿರಿ. "ಹಾಸಿಗೆ ಮೇಲೆ ಯಾರಾದ್ರೂ ಕಂಡ್ರೆ ಹಾಸಿಗೆ ಸಮೇತ ಎತ್ತಿ ಆಚೆ ಇಡಿಸ್ತೀನಿ" ಎಂದು ನೀವು ಗದರುತ್ತಿದ್ದುದನ್ನು ಚಿಕ್ಕಮ್ಮ ಇವತ್ತಿಗೂ ನಿಮ್ಮದೇ ಧ್ವನಿಯಲ್ಲಿ ಆಡಿ ತೋರಿಸಿ ನಗುತ್ತಾಳೆ, ನಕ್ಕು ಕೆಮ್ಮುತ್ತಾಳೆ. ನೀವು ಮಂಡಳಿಗೆ ಮೇಲೇರಿ ಹೋದಿರಿ. ನಿಯಮ ಅಲ್ಲೇ ಉಳಿಯಿತು.

ಈಗ ಹೇಳಿ, ಮಂಡಳಿಯ ತಪಾಸಣೆ ನಡೆದದ್ದು ಯಾವ ಹೊತ್ತಿಗೆ? ಬೆಳಿಗ್ಗೆ, ಚಹಾ ಮುಗಿದ ಮೇಲೆ! ದಿನದ ಅಷ್ಟೂ ಹೊತ್ತನ್ನು ಬಿಟ್ಟು, ರೋಗಿಗಳೆಲ್ಲ ನಿಮ್ಮ ಮಾತಿಗೆ ಬೆಲೆ ಕೊಟ್ಟು ಜಗಲಿಯಲ್ಲಿರುವ ಹೊತ್ತನ್ನೇ ಆರಿಸಿಕೊಂಡವರು ಯಾರು? ನೀವು ಬಾಗಿಲಲ್ಲಿ ನಿಂತಿರಿ. ಮಡಿಸಿಟ್ಟ ಹೊದಿಕೆಗಳನ್ನು ನೋಡಿದಿರಿ. ತಲೆಯಾಡಿಸಿದಿರಿ. ಕೆಮ್ಮಿನ ಸದ್ದಿನಿಂದಲೇ ಕಾಯಿಲೆ ಹೇಳಬಲ್ಲವರೆಂದು ಹೆಸರಾದ ನಿಮಗೆ ಗೋಡೆಯಾಚೆ ಒಂದಿಡೀ ವಾರ್ಡು ಕೆಮ್ಮುತ್ತಿದ್ದುದು ಕೇಳಿಸಲಿಲ್ಲವೇ? ಅಧ್ಯಕ್ಷರ ಕುರ್ಚಿ ಕಿವಿಗೂ ಮೆತ್ತೆ ಹಾಕುತ್ತದೆಯೇ?

ವಾರ್ಡಿನ ಸಿಸ್ಟರನ್ನು, ನೀವಾದರೂ ಹೇಳಬಾರದಿತ್ತೇ ಎಂದು ಕೇಳಿದೆ. "ಏನಂತ ಹೇಳ್ಲಿ ಮಾರಾಯ್ತಿ? ರೂಲ್ ಮಾಡಿದ್ದೇ ಅವ್ರು. ಅವ್ರಿಗೇ ನಾನು ಪಾಠ ಹೇಳೋದಾ? ಗೊತ್ತಿರತ್ತೆ ಅಂದ್ಕೊಂಡು ಸುಮ್ನಿದ್ದೆ" ಎಂದರು. ನಿಮ್ಮ ಮೇಲಿನ ಗೌರವದಿಂದ ಅವರು ಬಾಯಿ ಮುಚ್ಚಿಕೊಂಡರು. ಆ ಮೌನ ನಿಮಗೆಷ್ಟು ಅನುಕೂಲವಾಯಿತು ನೋಡಿ!

ಮರೆತಿರಬಹುದು, ವಯಸ್ಸಾಯಿತು, ಕೆಲಸ ಹೆಚ್ಚು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಪರದೆ ಹೊಲಿಯುವವನೊಬ್ಬನ ವಿಷಯ ತಿಳಿಯದೇ ಹೋಗಿದ್ದರೆ. ತಪಾಸಣೆಗೆ ಕೆಲವು ದಿನ ಮೊದಲೇ ಒಬ್ಬ ದರ್ಜಿ ಟೇಪು ಹಿಡಿದು ವಾರ್ಡಿನ ಕಿಟಕಿಗಳನ್ನು ಅಳೆಯಲು ಬಂದಿದ್ದನಂತೆ.

"ಏನಪ್ಪಾ, ನಮ್ಗೆ ಪರದೆನಾ?" ಎಂದು ಚಿಕ್ಕಮ್ಮ ಕೇಳಿದ್ದಾಳೆ.

"ನಿಮ್ಗಲ್ಲಮ್ಮಾ, ಆಫೀಸಿಗೆ."

"ಯಾವ ಆಫೀಸು?"

"ನಂಗೇನು ಗೊತ್ತು? ಮಂಡಳಿಯೋರು ಬರ್ತಾರಂತೆ. ಒಸಿ ಕಾಲು ತೆಗೀರಿ, ಅಳತೆ ತಪ್ಪತ್ತೆ."

ಅವಳು ಪಾಪ, ಕಾಲು ತೆಗೆದಿದ್ದಾಳೆ! ಹಾಸಿಗೆಗಳು ಖಾಲಿ ಎಂದು ನೀವು ಕಂಡುಹಿಡಿಯುವುದು ಇನ್ನೂ ಬಾಕಿಯಿದ್ದಾಗಲೇ ಅಲ್ಲಿ ಬರಲಿರುವ ನಿಮ್ಮ ಮಂಡಳಿಯ ಕಚೇರಿಗೆ ಪರದೆಯ ಅಳತೆ ಆಗಿತ್ತು. ರೋಗ ಪತ್ತೆಯಾಗುವ ಮೊದಲೇ ಶಸ್ತ್ರಚಿಕಿತ್ಸೆ ಮಾಡುವವರನ್ನು ನಿಮ್ಮ ವೃತ್ತಿಯಲ್ಲಿ ಏನೆಂದು ಕರೆಯುತ್ತಾರೆ, ಡಾಕ್ಟರೇ?

ಅಚ್ಚುಕೂಟದಲ್ಲಿ ಕರಪತ್ರ ಮಡಚುವುದು ನನ್ನ ಕೆಲಸ. ಮಡಚುವ ಮೊದಲು ಓದುವುದು ನನ್ನ ಚಟ. ಅಧಿಕಾರದ ಬಗ್ಗೆ ನಾನು ಕಲಿತದ್ದೆಲ್ಲ ಅಲ್ಲಿಯೇ. ಹಾಗಾಗಿ, ವಾರ್ಡು ಮುಚ್ಚುವ ಮುನ್ನ ಅಂತಿಮ ಪರಿಶೀಲನೆಗೆ ಮುಂದಿನ ವಾರ ಮಂಡಳಿ ಮತ್ತೆ ಬೆಳಗಿನ ಅದೇ ಹೊತ್ತಿಗೆ ಬರುತ್ತದೆಂದು ತಿಳಿದ ಕೂಡಲೇ ವಾರ್ಡಿಗೆ ಹೋಗಿ ಭಾಷಣ ಬಿಗಿದೆ: ಆ ದಿನ ಒಬ್ಬರೂ ಏಳಬೇಡಿ, ಹಾಸಿಗೆ ಹಿಡಿದು ಮಲಗಿ, ಎಣಿಸಿಕೊಂಡು ಹೋಗಲಿ. ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು.

"ಸಾಕು ಸುಮ್ನಿರೇ. ಬಿಸಿಲು ಬಿಡ್ಬೇಡ ಅಂದಿದ್ದು ಯಾರು? ಅದ್ರಿಂದಾನೇ ನಾನಿನ್ನೂ ಬದ್ಕಿರೋದು" ಎಂದಳು ಅವಳು. "ಡಾಕ್ಟ್ರು ಬಂದಾಗ ನಾನು ಬಿದ್ಕೊಂಡಿದ್ರೆ ಏನಂದ್ಕೋತಾರೆ?"

"ನಿನ್ನ ಡಾಕ್ಟ್ರೇ ನಿನ್ನ ಆಚೆ ಹಾಕ್ತಿರೋದು, ಚಿಕ್ಕಮ್ಮಾ!"

"ಅವ್ರು ಹಂಗೆಲ್ಲ ಮಾಡಲ್ಲ. ನಿನ್ನ ಕಾಗದದ ಬುದ್ಧಿ ಅಚ್ಚುಕೂಟದಲ್ಲೇ ಇಟ್ಕೋ."

ವಾರ್ಡು ನಕ್ಕಿತು, ಆಮೇಲೆ ಇಡೀ ವಾರ್ಡು ಕೆಮ್ಮಿತು. ಅಲ್ಲಿಗೆ ನನ್ನ ಕ್ರಾಂತಿ ಮುಗಿಯಿತು.

ಆದ್ದರಿಂದ ಮುಂದಿನ ವಾರವೂ ನಿಮಗೆ ಮಡಿಸಿಟ್ಟ ಹೊದಿಕೆಗಳೇ ಸಿಗುತ್ತವೆ. ಉಸಿರು ಕಟ್ಟಿದಾಗಲೆಲ್ಲ ಬಸ್ ನಿಲ್ದಾಣದಿಂದ ಏರು ರಸ್ತೆಯಲ್ಲಿರುವ ನಗರದ ಆಸ್ಪತ್ರೆಯವರೆಗೆ ಚಿಕ್ಕಮ್ಮ ನಡೆಯಲಾರಳು. ವಾರ್ಡು ಹೋದರೆ ಅವಳ ಉಸಿರೂ ಹೋದಂತೆಯೇ. ನೀವು ಸಹಿ ಹಾಕಿರುವುದು ಅದಕ್ಕೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಬೆಳಿಗ್ಗೆ ಬಾಗಿಲಲ್ಲೇ ನಿಲ್ಲದೆ ವಾರ್ಡು ದಾಟಿ ಜಗಲಿಗೆ ಬನ್ನಿ. ಮೂಲೆಯ ಕುರ್ಚಿಯಲ್ಲಿ ಕಣ್ಣುಮುಚ್ಚಿ, ನೀವು ಕಲಿಸಿದ ಹಾಗೆ ಮೂಗಿನಿಂದ ಎಳೆದು ಬಾಯಿಂದ ಬಿಡುತ್ತಿರುವವಳೇ ನನ್ನ ಚಿಕ್ಕಮ್ಮ. ನಿಮ್ಮ ಹೊಸ ಆದೇಶ ಸರಿಯೆನ್ನುವುದಾದರೆ ಹಳೆಯದನ್ನು ಅವಳೆದುರು ನಿಮ್ಮ ಬಾಯಿಂದಲೇ ರದ್ದು ಮಾಡಿ: "ಇನ್ನು ಬಿಸಿಲಿಗೆ ಬರಬೇಡಮ್ಮಾ, ಬಂದರೆ ನಿನ್ನ ಹಾಸಿಗೆ ಹೋಗುತ್ತದೆ" ಎನ್ನಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಹಾಗೆನ್ನಲು ನಾಲಿಗೆ ಏಳದಿದ್ದರೆ, ವಾಪಸು ಹೋಗುವಾಗ ಬಾಗಿಲಿನ ಮೇಲಿರುವ ಕಾಗದವನ್ನು ನಿಮ್ಮ ಕೈಯಿಂದಲೇ ಕಿತ್ತುಕೊಂಡು ಹೋಗಿ.

ಇಂತಿ,
ನಿಮ್ಮನ್ನು ಇನ್ನೂ ನಂಬಿರುವವಳ ಅಕ್ಕನ ಮಗಳು,
ನಂಬಲಾರದವಳು