ಅತ್ತಿಗೆ ಎತ್ತಿದ ಕೆಂಪು ಬಾವುಟ

ಸೆಪ್ಟೆಂಬರ್ 6, ಶನಿವಾರ. ಬೆಳಗ್ಗೆ 5.40

ಡಿಕಾಕ್ಷನ್ ಇಳಿಯುತ್ತಿದೆ. ಬಿಳಿ ಟೀಶರ್ಟ್ ಇಸ್ತ್ರಿ ಆಯಿತು. ಕ್ಯಾಪ್ ಸಿಗುತ್ತಿಲ್ಲ... ಸಿಕ್ಕಿತು, ಭಾನು ತಲೆ ಮೇಲೇ ಇದೆ! ಕಳ್ಳ. ಮದುವೆಯಾದ ಮೇಲೆ ನನ್ನದು ಅಂತ ಒಂದು ವಸ್ತು ಉಳಿಸಿಲ್ಲ ಈ ಮನುಷ್ಯ.

ಇವತ್ತು ನನ್ನ ಫಸ್ಟ್ ಡ್ಯೂಟಿ. ಕುಣಿಗಲ್‌ನಲ್ಲಿ ತಾಲೂಕು ಮೀಟ್, ಶಾಟ್‌ಪುಟ್. ಗಂಡ ಗುಬ್ಬಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಓಟಕ್ಕೆ ಸ್ಟಾರ್ಟರ್. ಹೆಂಡತಿ ಒಂದು ದಿನದ ವರ್ಕ್‌ಶಾಪ್ ಮುಗಿಸಿದ ಆಫಿಷಿಯಲ್. ಗಂಡ! ಹೆಂಡತಿ! ಬರೆದರೆ ಇನ್ನೂ ನಗು ಬರುತ್ತದೆ. ಅತ್ತೆ ಕೇಳಿದರು, "ಗುಂಡು ಎಸ್ಯೋ ಜಾಗದಲ್ಲಿ ನಿಂದೇನಮ್ಮ ಕೆಲ್ಸ?" ಬಾವುಟ ಎತ್ತೋದು ಅಂದೆ. "ಅಷ್ಟಕ್ಕೇ ಎಂ.ಕಾಂ. ಓದಿದ್ಯಾ" ಅಂದರು.

ಹಾರ್ನ್ ಹೊಡೆಯುತ್ತಿದ್ದಾನೆ. ಹೊರಟೆ —

ಅದೇ ದಿನ, ಸಂಜೆ

ಎಂಥ ದಿನ!! ಮೂಗು ಸುಟ್ಟು ಟೊಮೇಟೊ. ಕಿವಿಯಲ್ಲಿ ಇನ್ನೂ ಗುಂಡು ಬೀಳುವ ಧಪ್ ಧಪ್.

ಬಲಗೈಯಲ್ಲಿ ಬಿಳಿ ಬಾವುಟ, ಎಡಗೈಯಲ್ಲಿ ಕೆಂಪು. ಎಸೆತ ಸರಿಯಿದ್ದರೆ ಬಿಳಿ, ಫೌಲ್ ಆದರೆ ಕೆಂಪು. ಅಷ್ಟೇ ತಾನೆ ಅಂದುಕೊಂಡಿದ್ದೆ. ಮೊದಲ ಹುಡುಗ ಎಸೆದ. ನಾನು ಬಾಯಿ ಬಿಟ್ಟುಕೊಂಡು ಗುಂಡು ಹೋಗುವುದನ್ನೇ ನೋಡುತ್ತ ನಿಂತೆ. ಚೀಫ್ ಜಡ್ಜ್ ಪರಮಶಿವಯ್ಯ ಮೇಷ್ಟ್ರು ಹತ್ತಿರ ಬಂದರು. ಅವರು ರಿಟೈರ್ ಆಗಿ ಎಷ್ಟೋ ಕಾಲವಾಗಿದೆ, ಕತ್ತಿನ ವಿಶಲ್ ಮಾತ್ರ ಇನ್ನೂ ಸರ್ವಿಸ್‌ನಲ್ಲಿದೆ. "ಕಾಲ್ ನೋಡಮ್ಮ, ಗುಂಡು ನೋಡ್ಬೇಡ. ಗುಂಡು ಎಲ್ಲಿಗೂ ಓಡೋಗಲ್ಲ, ಬಿದ್ದ ಜಾಗದಲ್ಲೇ ಇರ್ತದೆ."

ಆಮೇಲೆ ಬರೀ ಕಾಲು. ಬೂಟಿನ ಕಾಲು, ಬರಿಗಾಲು, ನೇಲ್‌ಪಾಲಿಶ್ ಕಾಲು. ಎಸೆದದ್ದು ನೆಲ ಮುಟ್ಟುವ ತನಕ ಸರ್ಕಲ್ ಬಿಡಬಾರದು. ಬಿಡುವಾಗಲೂ ಹಿಂದಿನ ಅರ್ಧದಿಂದಲೇ ಬರಬೇಕು. ಮುಂದೆ ಕಾಲಿಟ್ಟರೆ ಎಸೆತ ಎಷ್ಟೇ ದೂರ ಹೋಗಿರಲಿ, ಕೆಂಪು. ಡಿಸ್ಕಸ್‌ಗೂ ಇದೇ ರೂಲ್.

ಹುತ್ರಿದುರ್ಗ ಕಡೆಯ ಹುಡುಗನೊಬ್ಬ ಜಗಳಕ್ಕೇ ಬಂದ. "ಮೇಡಂ, ಹೆಬ್ಬೆಟ್ಟು ಮಾತ್ರ ಕಣ್ ಮೇಡಂ ಆಚೆ ಹೋಗಿದ್ದು. ನಾನ್ ಒಳಗೇ ಇದ್ದೆ!"

ನಗು ತಡೆದು ಕೆಂಪು ಎತ್ತಿದೆ. ದೂರದಿಂದ ಭಾನು ಥಂಬ್ಸ್ ಅಪ್ ತೋರಿಸಿದ. ಲವ್ ದಿಸ್ ಜಾಬ್. ಲವ್ ದಟ್ ಮ್ಯಾನ್.

ಸೆಪ್ಟೆಂಬರ್ 14, ಭಾನುವಾರ

ಬೆಳಗ್ಗೆ ನಾದಿನಿ ಪ್ರಮೀಳಾ ಜೊತೆ ಹೊಲದ ಹತ್ತಿರ. ಸುಣ್ಣದಲ್ಲಿ ಸರ್ಕಲ್ ಬರೆದುಕೊಂಡು ದಿನಾ ಡಿಸ್ಕಸ್ ಪ್ರಾಕ್ಟೀಸ್ ಮಾಡುತ್ತಾಳೆ. ಸೆಕೆಂಡ್ ಪಿಯು. ಮನೆಯಲ್ಲಿ ಬೆಕ್ಕು, ಸರ್ಕಲ್‌ನಲ್ಲಿ ಬುಗುರಿ! ಗರಗರ ತಿರುಗಿ ಬಿಟ್ಟರೆ ಡಿಸ್ಕಸ್ ಗಾಳಿ ಮೇಲೆ ಕೂತು ಹೋಗುತ್ತದೆ. ನಾನು ಕಿರುಚಿ ಕುಣಿದೆ. ಅವಳು ಓಡಿ ಬಂದು ತಬ್ಬಿಕೊಂಡಳು. ಈ ಮನೆಯಲ್ಲಿ ನನಗೆ ಮೊದಲು ಸಿಕ್ಕ ಫ್ರೆಂಡ್ ಇವಳೇ. ಒಳ್ಳೆ ಎಸೆತ ಬಿದ್ದಾಗಲೆಲ್ಲ ಈ ತಬ್ಬುವುದು ಈಗ ನಮ್ಮಿಬ್ಬರ ಪದ್ಧತಿಯೇ ಆಗಿಬಿಟ್ಟಿದೆ.

ಶನಿವಾರ ತುಮಕೂರಿನಲ್ಲಿ ಪಿಯು ಜಿಲ್ಲಾ ಮೀಟ್. ಮೊದಲಿಬ್ಬರು ಸ್ಟೇಟ್‌ಗೆ. ಸ್ಟೇಟ್‌ಗೆ ಹೋದರೆ ಸ್ಪೋರ್ಟ್ಸ್ ಹಾಸ್ಟೆಲ್ ಸೆಲೆಕ್ಷನ್‌ಗೆ ಕರೆಯುತ್ತಾರೆ. ಅದೊಂದೇ ಅವಳ ಕನಸು. ಅತ್ತೆ "ತಟ್ಟೆ ಎಸ್ಯೋಕೂ ಹಾಸ್ಟೆಲ್ಲಾ" ಅಂತ ಬಾಯಲ್ಲಿ ಅನ್ನುತ್ತಾರೆ. ಆದರೆ ಬೀದಿಗೆಲ್ಲ ಹೇಳಿ ಆಗಿದೆ.

ಸೆಪ್ಟೆಂಬರ್ 20, ಶನಿವಾರ. ಸಂಜೆ 7

ಹೇಗೆ ಬರೆಯಲಿ.

ಬೆಳಗ್ಗೆಯೇ ಪರಮಶಿವಯ್ಯ ಮೇಷ್ಟ್ರಿಗೆ ಹೇಳಿದ್ದೆ. ಸರ್, ಗುಬ್ಬಿ ಪ್ರಮೀಳಾ ನನ್ನ ನಾದಿನಿ, ನನ್ನನ್ನು ಬೇರೆ ಕಡೆ ಹಾಕಿ. "ಸಂಬಂಧ ಇಲ್ದೋರ್ನ ಹುಡುಕ್ತಾ ಕೂತ್ರೆ ಬಾವುಟ ನಾನೇ ಹಿಡೀಬೇಕು, ಟೇಪೂ ನಾನೇ ಎಳೀಬೇಕು. ನಿಂತ್ಕೊಮ್ಮ ಸುಮ್ನೆ" ಅಂದರು. ನಿಂತೆ. ಡಿಸ್ಕಸ್ ಸರ್ಕಲ್ ಸುತ್ತ ಕಟ್ಟಿದ ಬಲೆಯ ಬಾಯಿ ಪಕ್ಕ.

ಕೊನೇ ರೌಂಡ್‌ವರೆಗೂ ಪ್ರಮೀಳಾ ಮೂರನೆಯವಳು. ಕೊತ್ತಗೆರೆಯ ಮೋನಿಕಾ ಎರಡನೆಯವಳು. ಪ್ರಮೀಳಾ ಕೊನೇ ಎಸೆತ... ಬಿಟ್ಟ ಸದ್ದಿನಲ್ಲೇ ಗೊತ್ತಾಯಿತು. ಸ್ಟೇಡಿಯಂ ಎಲ್ಲ ಮೇಲೆ ನೋಡಿತು. ನಾನು ಕಾಲು ನೋಡುತ್ತಿದ್ದೆ, ನಿಜವಾಗಿಯೂ ಕಾಲೇ ನೋಡುತ್ತಿದ್ದೆ. ಆದರೆ ಖುಷಿ ತಡೆಯಲಿಲ್ಲ. ಹೊಲದಲ್ಲಿ ಕುಣಿದ ಹಾಗೆ ಕುಣಿದುಬಿಟ್ಟೆ. ಎರಡೂ ಬಾವುಟದ ಸಮೇತ ಕೈ ಅಗಲಿಸಿಬಿಟ್ಟೆ. ಅವಳು "ಅತ್ಗೇ!" ಅಂತ ಓಡಿ ಬಂದಳು.

ಮುಂದಿನಿಂದ. ಸರ್ಕಲ್‌ನ ಮುಂದಿನಿಂದ. ಡಿಸ್ಕಸ್ ಇನ್ನೂ ಗಾಳಿಯಲ್ಲಿತ್ತು.

ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣೂ ಡಿಸ್ಕಸ್ ಮೇಲೆ. ಅದು ಮೋನಿಕಾಳ ಗುರುತಿನ ಆಚೆ ಬಿತ್ತು. ಚಪ್ಪಾಳೆ. ಮೇಷ್ಟ್ರು ತಿರುಗಿ ನನ್ನತ್ತ ನೋಡಿದರು, ಯಾವ ಬಾವುಟ ಅಂತ. ಪ್ರಮೀಳಾ ನನ್ನ ಭುಜದ ಮೇಲೆ ಬಿಸಿ ಬಿಸಿ ಉಸಿರು ಬಿಡುತ್ತ ನಗುತ್ತಿದ್ದಳು. ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎಡಗೈ ಎತ್ತಿದೆ.

"ಅತ್ಗೆ... ಅದು ಕೆಂಪು" ಅಂದಳು, ನಾನು ಮರೆತು ಕೈ ಬದಲಾಯಿಸಿದೆನೇನೋ ಅನ್ನುವ ಹಾಗೆ.

ಇನ್ನು ಬರೆಯಲಾರೆ.

ಸೆಪ್ಟೆಂಬರ್ 21

ನಿನ್ನೆ ಮನೆಗೆ ಬಂದು ಅತ್ತೆಗೆ ನಾನೇ ಹೇಳಿದೆ. ಇವತ್ತು ಅತ್ತೆ ಭಾನುಗೆ, ನನಗೆ ಕೇಳುವ ಹಾಗೆ: "ಒಳ್ಳೆ ಸೊಸೆ ತಂದೆ ಕಣಪ್ಪ. ಹೊರ್ಗಿನೋರು ಸುಮ್ನಿದ್ರು, ಮನೆಯೋಳೇ ಎತ್ತುದ್ಲು."

ಭಾನುನ ಕೇಳಿದೆ, ನನ್ನ ಜಾಗದಲ್ಲಿ ನೀನಿದ್ದರೆ? ವಿಶಲ್ ಒರೆಸುತ್ತ ಅಂದ, "ಕೆಂಪು ನಾನೂ ಎತ್ತಿರ್ತಿದ್ದೆ ಬಿಡು. ನಿನ್ನಂಗೆ ಕುಣೀತಿರ್ಲಿಲ್ಲ ಕಣೇ."

ಅದೇ. ಕೆಂಪು ಎತ್ತಿದ್ದಕ್ಕೆ ಬೇಜಾರಿಲ್ಲ. ಕೈ ಚಾಚಿದ್ದಕ್ಕೆ ಇದೆ.

ಅಕ್ಟೋಬರ್ 1, ಆಯುಧಪೂಜೆ

ಹತ್ತು ದಿನ ಒಂದಕ್ಷರ ಬರೆದಿಲ್ಲ. ಬರೆಯಲು ಏನಿತ್ತು? ಅತ್ತೆ ಮುದ್ದೆ ಬಡಿಸುತ್ತಿದ್ದರು, ಮಾತು ಬಡಿಸುತ್ತಿರಲಿಲ್ಲ. ಪ್ರಮೀಳಾ ಕಾಲೇಜು, ರೂಮು, ಕಾಲೇಜು, ರೂಮು.

ಇವತ್ತು ಅಂಗಳದಲ್ಲಿ ಮಚ್ಚು, ಕುಡ್ಲು, ಬೈಕು ಎಲ್ಲ ಸಾಲಾಗಿ ಕೂತವು. ಪ್ರಮೀಳಾ ಡಿಸ್ಕಸ್ ತೊಳೆದು ತಂದಿಟ್ಟಳು. ಅತ್ತೆ ಅದಕ್ಕೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ. ನಾನು ಧೈರ್ಯ ಮಾಡಿ, "ಅತ್ತೆ, ನನ್ನ ಬಾವುಟಾನೂ ಇಡ್ಲಾ?"

ತಿರುಗಿ ನೋಡಲಿಲ್ಲ. ಸೇವಂತಿಗೆ ಸರಿ ಮಾಡುತ್ತ, "ಬಿಳೀದ್ ಇಡು. ಕೆಂಪುದ್ ಆಚೆ ಇರ್ಲಿ."

ಮಾತಾಡಿದರು!! ಭಾನು ಕೆಮ್ಮಿ ನಗು ನುಂಗಿದ. ಪ್ರಮೀಳಾ ಎದ್ದು ಒಳಗೆ ಹೋಗಿ ಕೆಂಪು ಬಾವುಟ ತಂದು ಬಿಳಿಯದರ ಪಕ್ಕ ಇಟ್ಟಳು. "ಎರಡೂ ಇರ್ಲಿ ಬುಡಮ್ಮ. ಓಡಿದ್ದು ನನ್ ಕಾಲು, ಅವರ್ದಲ್ಲ." ಅತ್ತೆ ಅವಳನ್ನು ನೋಡಿದರು. ನನ್ನನ್ನು ನೋಡಿದರು. ಕೆಂಪಿಗೂ ಕುಂಕುಮ ಬಿತ್ತು, ಸ್ವಲ್ಪ ಕಡಿಮೆ.

ಸಂಜೆ ಪ್ರಮೀಳಾ ಬಾಗಿಲಲ್ಲಿ ನಿಂತು, "ಅತ್ಗೆ, ಹನ್ನೆರಡನೇ ತಾರೀಕು ತುಮಕೂರಲ್ಲಿ ಅಥ್ಲೆಟಿಕ್ ಅಸೋಸಿಯೇಷನ್ ಟ್ರಯಲ್ಸ್ ಐತೆ. ಅಲ್ಲೂ ಸ್ಟೇಟ್‌ಗೆ ಇಬ್ರುನ್ನ ತಗೋತಾರೆ, ಹಾಸ್ಟೆಲ್‌ಗೆ ಅದೂ ನಡೀತದೆ. ನಾಳೆಯಿಂದ ಹೊಲಕ್ಕೆ ಬನ್ನಿ. ಒಂದ್ ಕೆಲ್ಸ ಐತೆ."

ಅಕ್ಟೋಬರ್ 5, ಭಾನುವಾರ

ಕೆಲಸ ಏನು ಗೊತ್ತಾ? ಅವಳು ಎಸೆಯುವುದು, ನಾನು ಸರ್ಕಲ್ ಮುಂದೆ ನಿಂತು ಕುಣಿಯುವುದು! ಕೈ ಚಾಚಿ "ಬಾರೇ ಪ್ರಮೀ, ಬಾರೇ" ಅಂತ ಕರೆಯುವುದು. ಅವಳು ಅಲ್ಲಾಡದೆ ನಿಂತು, ಡಿಸ್ಕಸ್ ಬೀಳುವುದನ್ನು ನೋಡಿ, ಹಿಂದಿನಿಂದ ಹೊರಗೆ ಹೋಗಬೇಕು. ಮೊದಲ ದಿನ ಸೋತಳು. ಎರಡನೇ ದಿನವೂ. ಇವತ್ತು ನಾನು ಡ್ಯಾನ್ಸ್ ಮಾಡಿದೆ, ವಿಶಲ್ ಊದಿದೆ, ಕೊನೆಗೆ ಮೈಸೂರುಪಾಕ್ ತೋರಿಸಿದೆ. ಕಲ್ಲು! ಹಿಂದಿನಿಂದ ಸುತ್ತಿ ಬಂದು ಮೈಸೂರುಪಾಕ್ ಕಿತ್ತುಕೊಂಡಳು.

ದಾರಿಯಲ್ಲಿ ಹೋಗುತ್ತಿದ್ದ ಕದರಯ್ಯನವರು ಬೈಕ್ ನಿಲ್ಲಿಸಿ, "ಏನವ್ವಾ, ಮೈಮೇಲೆ ದೇವ್ರು ಬಂದದಾ?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎಷ್ಟು ದಿನವಾಗಿತ್ತು.

ಅಕ್ಟೋಬರ್ 11, ಶನಿವಾರ

ಮೇಷ್ಟ್ರಿಗೆ ಫೋನ್ ಮಾಡಿದೆ. ನಾಳೆ ನನ್ನನ್ನು ಟೇಪ್ ಕಡೆ ಹಾಕಿ ಸರ್, ಪ್ಲೀಸ್. "ಕೆಂಪು ಎತ್ತಿದ ಕೈ ಕಣಮ್ಮ ಅದು. ಸರ್ಕಲ್‌ನಲ್ಲೇ ಇರ್ಬೇಕು." ಕಟ್.

ಅತ್ತೆ ಗ್ರೌಂಡಿಗೆ ಬರುವುದಿಲ್ಲವಂತೆ. "ನೀವಿಬ್ರೂ ಏನ್ ಮಾಡ್ಕೋತೀರೋ ಮಾಡ್ಕಳಿ. ನಾನ್ ಬಸ್‌ಸ್ಟಾಪ್ ತಾವ್ ಇರ್ತೀನಿ."

ಅಕ್ಟೋಬರ್ 12, ಭಾನುವಾರ. ಬಸ್ಸಿನಲ್ಲಿ

ತುಮಕೂರು ಬಿಟ್ಟಾಯಿತು. ಅಕ್ಷರಗಳು ಬಸ್ಸಿಗಿಂತ ಹೆಚ್ಚು ಕುಣಿಯುತ್ತಿವೆ. ಭಾನು ಟ್ರ್ಯಾಕ್ ಕೆಲಸ ಮುಗಿಸಿ ಹಿಂದೆ ಬೈಕಿನಲ್ಲಿ ಬರುತ್ತಾನೆ. ಪ್ರಮೀಳಾ ನನ್ನ ಭುಜದ ಮೇಲೆ ನಿದ್ದೆ.

ಮೊದಲೆರಡು ಎಸೆತ ಸುಮಾರು. ಮೂರನೆಯದು... ಅಯ್ಯೋ ಆ ಮೂರನೆಯದು! ಬಿಟ್ಟಳು. ಹೋಯಿತು. ನಾನು ತುಟಿ ಕಚ್ಚಿ ಅವಳ ಕಾಲು ನೋಡುತ್ತ ಕಲ್ಲಾದೆ. ಅವಳು ಸರ್ಕಲ್ ಒಳಗೆ ಕಲ್ಲು. ಡಿಸ್ಕಸ್ ಬಿತ್ತು. ಅವಳು ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತ ನಿಂತೇ ಇದ್ದೆವು.

"ಏನಮ್ಮಾ, ಇಬ್ರೂ ಫೋಟೋಕ್ಕೆ ನಿಂತಿದೀರಾ? ಬಿದ್ದು ಆಗ್ಲೇ ತಣ್ಣಗಾಯ್ತು, ಆಚೆ ಬಾರಮ್ಮ!" ಮೇಷ್ಟ್ರು ಕೂಗಿದರು.

ಹಿಂದಿನ ಅರ್ಧದಿಂದ, ಮದುಮಗಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹೊರಗೆ ಬಂದಳು. ಬಿಳಿ ಎತ್ತಿದೆ. ಮೇಷ್ಟ್ರು "ಸಾಕಮ್ಮ, ಕಂಡ್ತು" ಅನ್ನುವ ತನಕ ಇಳಿಸಲಿಲ್ಲ. ಅಳತೆಯಲ್ಲಿ ಮೋನಿಕಾಗಿಂತ ಹಿಂದೆ. ಮೋನಿಕಾ ಫಸ್ಟ್, ನಮ್ಮವಳು ಸೆಕೆಂಡ್. ಇಬ್ಬರೂ ಸ್ಟೇಟ್‌ಗೆ! ಮೋನಿಕಾ ತಾನಾಗಿಯೇ ಬಂದು ಇವಳ ಕೈ ಕುಲುಕಿದಳು. ನಾನು ಬಾವುಟ ಮಡಚಿಟ್ಟು ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಅಲ್ಲೇ ಒಂದು ಸ್ಟೆಪ್ ಹಾಕಿದೆ, ಯಾರೂ ನೋಡಲಿಲ್ಲ.

ಅತ್ತೆಗೆ ಇನ್ನೂ ಹೇಳಿಲ್ಲ. ಫೋನ್ ಕೊಟ್ಟರೆ ಪ್ರಮೀಳಾ ತೆಗೆದುಕೊಳ್ಳಲಿಲ್ಲ. "ಹೋದ್ಸಲ ನೀವೇ ಹೇಳಿದ್ರಲ್ಲ ಅತ್ಗೆ. ಈ ಸಲಾನೂ ನೀವೇ ಹೇಳ್ಬೇಕು. ಎದುರಿಗೇ."

ಗುಬ್ಬಿ ಬಂತು. ಬಸ್ ಸ್ಲೋ ಆಗುತ್ತಿದೆ. ಸ್ಟಾಪ್‌ನಲ್ಲಿ ಅತ್ತೆ, ಹೊಸ ಸೀರೆ! ಕತ್ತು ಚಾಚಿ ಒಂದೊಂದೇ ಕಿಟಕಿ ಹುಡುಕುತ್ತಿದ್ದಾರೆ... ನನ್ನನ್ನು ನೋಡಿಬಿಟ್ಟರು. ಏನಂತ ಶುರು ಮಾಡಲಿ, ಅತ್ತೆ, ನಮ್ಮ ಪ್ರಮೀ —