ನೀಲಿಯೋ, ಕೆಂಪೋ

ಜನವರಿ 6, ಸೋಮವಾರ

ಶಿಫ್ಟ್ ಮುಗಿಸಿ ಪೀಣ್ಯದಿಂದ ನೇರ ಶೋರೂಮಿಗೆ. ಒಂದು ತಿಂಗಳೊಳಗೆ ಇದು ನಾಲ್ಕನೇ ಸಲ. ಸೇಲ್ಸ್‌ನ ಮಂಜುಶ್ರೀ ಈಗ ಕೇಳದೆಯೇ ಟೀ ತರಿಸುತ್ತಾರೆ.

ಎರಡೂ ಸ್ಪೋರ್ಟ್ ಟೂರರ್ ಬೈಕುಗಳು ಪಕ್ಕಪಕ್ಕ. ಕೆಂಪು — ಹಗುರ, ಚುರುಕು, ಹಿಂದಿನ ಸೀಟು ಹೆಸರಿಗೆ ಮಾತ್ರ. ನೀಲಿ — ಭಾರ. ಹಿಂದೆ ಅಗಲವಾದ ಸೀಟು, ಒರಗಲು ದಿಂಬು ಬೇರೆ.

"ಮೇಡಂ ಬರ್ತಾರಾ ಸಾರ್? ಹಾಗಿದ್ರೆ ನೀಲೀನೇ ತಗೊಳ್ಳಿ."

ಬರುತ್ತಾಳೆ ಅಂದೆ. ಯಾಕೆ ಅಂದೆನೋ... ಹೆಂಡತಿ ನಿವೇದಿತಾ ಬ್ಯಾಂಕಿನ ಬೆಳಗಾವಿ ಬ್ರಾಂಚಿಗೆ ವರ್ಗವಾಗಿ ಎರಡು ವರ್ಷ ದಾಟಿತು.

ಜನವರಿ 11

ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ಮೊದಲೆಲ್ಲ ಶುಕ್ರವಾರದ ಬಸ್ ಹತ್ತಿ ಬಂದುಬಿಡುತ್ತಿದ್ದಳು. ದೀಪಾವಳಿಯಿಂದ ಬಂದಿಲ್ಲ. ಆಗಲೇ ಹೇಳಿದ್ದು — ಮೂರನೇ ವರ್ಷವೂ ಅಲ್ಲೇ ಇರುತ್ತೇನೆಂದು ತಾನೇ ಬರೆದುಕೊಟ್ಟಿದ್ದಾಳೆ. ನಾನು ಟಿವಿ ಸೌಂಡ್ ಜಾಸ್ತಿ ಮಾಡಿದೆ. ಮಾಡಬಾರದಿತ್ತು.

ನೀಲಿಯನ್ನು ನೆಲಮಂಗಲದವರೆಗೆ ಓಡಿಸಿ ನೋಡಿದೆ. ಫ್ಯಾಕ್ಟರಿಯಲ್ಲಿ ಪಕ್ಕದ ಟೇಬಲ್‌ನ ನಂದೀಶ್ ಹಿಂದೆ ಕೂತಿದ್ದ.

"ಸೋಫಾ ಥರ ಇದೆ ಗುರು! ಅತ್ತಿಗೆ ನಿದ್ದೆ ಮಾಡ್ಬಿಡ್ತಾರೆ."

ಮದುವೆಯಾದ ಹೊಸದರಲ್ಲಿ ನಿಜಕ್ಕೂ ಮಾಡುತ್ತಿದ್ದಳು. ಅವಳ ಹೆಲ್ಮೆಟ್ ನನ್ನದಕ್ಕೆ ಠಕ್ಕೆಂದು ತಾಗಿದರೆ, ನಿದ್ದೆ ಬಂತೆಂದು ಲೆಕ್ಕ. ವೇಗ ಇಳಿಸುತ್ತಿದ್ದೆ.

ಜನವರಿ 19, ಭಾನುವಾರ

ನಿವೇದಿತಾಗೆ ಫೋನ್ ಮಾಡಿದೆ. ಅವಳ ಜೊತೆ ಊರ ಕಡೆಯ ಮಾತೇ.

"ನೀಲಿ ಗಾಡಿ ಬುಕ್ ಮಾಡ್ಲೇನು? ಹಿಂದಿನ ಸೀಟು ಚಲೋ ಐತಿ... ನೀ ಕುಂದ್ರತಿ ಅಂದ್ರ."



"ಹಿಂದ ಕುಂದ್ರೂದು ಬಿಟ್ಟೀನ್ರಿ. ಈಗ ನಾನ ಓಡಸ್ತೀನಿ."

ಲೈಸೆನ್ಸ್ ಮಾಡಿಸಿದ್ದಾಳೆ. ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡು ಏಳು ತಿಂಗಳಾಯಿತಂತೆ. ಭಾನುವಾರ ಒಬ್ಬಳೇ ಗೋಕಾಕ, ಖಾನಾಪುರ...

"ನನಗ ಹೇಳಲೇ ಇಲ್ಲ ನೀ."

"ಅಲ್ಲಿ ಏನ್ ಮಾಡ್ತಿ ಅಂತ ಒಂದ್ ದಿನಾನರ ಕೇಳೀರೇನು? ಯಾವಾಗ ಬರ್ತಿ, ಅಷ್ಟ ಕೇಳೂದು."

ನಿಜ.

"ನನ್ನ ಬಿಟ್ಟು ಹೇಳ್ರಿ. ನಿಮಗ ಯಾವುದು ಬೇಕು?"

ಇನ್ನೊಮ್ಮೆ ಓಡಿಸಿ ನೋಡಿ ಹೇಳುತ್ತೇನೆ ಅಂದೆ.

ಫೆಬ್ರವರಿ 2

ಎರಡನ್ನೂ ಓಡಿಸಿದೆ, ಒಬ್ಬನೇ. ನೀಲಿಯಲ್ಲಿ ಬೆನ್ನಿಗೆ ಬರೀ ಗಾಳಿ. ಯಾರನ್ನೋ ದಾರಿಯಲ್ಲಿ ಇಳಿಸಿ ಬಂದಂತೆ ಕನ್ನಡಿ ನೋಡುತ್ತಲೇ ಇದ್ದೆ. ಕೆಂಪಿನಲ್ಲಿ ರಸ್ತೆ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಇಳಿದ ಕೂಡಲೇ ಅನಿಸಿದ್ದು — ಇದನ್ನು ಅವಳಿಗೆ ಹೇಳಬೇಕು.

"ಕೆಂಪು" ಅಂದೆ ಫೋನಿನಲ್ಲಿ. ನಕ್ಕಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ.

ಖಾನಾಪುರದ ದಾರಿ ಹೇಗಿದೆ ಎಂದು ಕೇಳಿದೆ. ನಲವತ್ತು ನಿಮಿಷ ಹೇಳಿದಳು.

ಮಾರ್ಚ್ 1

ಕೆಂಪು ಗಾಡಿ ಮಾದನಾಯಕನಹಳ್ಳಿಯ ಮನೆಗೆ ಬಂತು. ಮನೆ ಓನರ್ ವಸಂತಮ್ಮ ಚಕ್ರಕ್ಕೆ ನಿಂಬೆಹಣ್ಣಿಟ್ಟು ಆರತಿ ಎತ್ತಿದರು.

"ಎಂಡ್ತಿ ಎಲ್ಲಪ್ಪಾ ಕೂತ್ಕೋತಾಳೆ ಇದ್ರಾಗೆ?"

"ಅವಳದ್ದು ಬೇರೆ ಗಾಡಿ ಇದೆ ಅಮ್ಮಾ."

ಹೇಳುವಾಗ ಹೆಮ್ಮೆಯಾಯಿತು. ಸಂಕಟವೂ.

ಮಧ್ಯಾಹ್ನ ಅವಳ ಮೆಸೇಜ್: "ಎರಡನೇ ಶನಿವಾರ ದಾವಣಗೆರಿ. ಅರ್ಧ ದಾರಿ ನೀವು, ಅರ್ಧ ನಾನು. ವಾಪಸ್ ಬಾ ಅನ್ನೂ ಮಾತು ಮಾತ್ರ ಎತ್ತಬ್ಯಾಡ್ರಿ."

ಮಾರ್ಚ್ 8, ಬೆಳಿಗ್ಗೆ 5.20

ಜಾಕೆಟ್, ಗ್ಲೌಸ್, ನೀರು — ಆಯಿತು. ಇನ್ನೂರೈವತ್ತು ಕಿಲೋಮೀಟರ್ ಚಿಲ್ಲರೆ. ಸಂಜೆ ಅವಳು ಆ ಕಡೆ, ನಾನು ಈ ಕಡೆ. ಗೊತ್ತು. ಆದರೂ ಅವಳು ತನ್ನ ಗಾಡಿ ನಿಲ್ಲಿಸಿ ಇಳಿಯುವುದನ್ನು ಇವತ್ತು ಮೊದಲ ಸಲ ನೋಡುತ್ತೇನೆ. ಏನು ಮಾತಾಡುವುದು? ಕೇಳಬೇಕು, ಅಷ್ಟೇ. ಕೇಳುತ್ತಾ ಕೂರಬೇಕು.

ಫೋನ್ ಬೆಳಗಿತು. "ಹೊಂಟೆ."

ಇನ್ನೂ ಕತ್ತಲೆ, ಹುಷಾರು ಎಂದು ಟೈಪ್ ಮಾಡಿದೆ. ಅಳಿಸಿದೆ. "ನಾನೂ ಹೊಂಟೆ" ಎಂದು ಕಳಿಸಿದೆ.