ಎಸ್‌ಎಂಪಿಎಸ್ ಮುಂದಿನ ವರ್ಷ ನೋಡೋಣು

ಗುಳೇದಗುಡ್ಡ,
ಫೆಬ್ರವರಿ ಮೂವತ್ತು, ೨೧೭೮

ಚನ್ನವೀರಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗನ ಹೆಂಡತಿ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ಉಳಿಕೆ ದಿನ ಎನ್ನುತ್ತೇವೆ, ಆಗ ಯಾವ ಕಚೇರಿಯೂ ತೆರೆಯುವುದಿಲ್ಲ. ಇಪ್ಪತ್ತೇಳು ವರ್ಷದ ನಿಮ್ಮನ್ನು ಐವತ್ತೈದರ ನಾನು ಅಜ್ಜ ಎಂದು ಕರೆಯುವುದೂ ವಿಚಿತ್ರವೇ. ನನ್ನ ಮಾತು ಅಲ್ಲಲ್ಲಿ ತಿಳಿಯದೆ ಹೋದರೆ ಕ್ಷಮೆ ಇರಲಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಮನೆಗೆ ಒಂದೇ ಕಾಗದ, ತಲುಪಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ಜನ ಇದರಲ್ಲಿ ಯುದ್ಧ ನಿಲ್ಲಿಸಿ, ಕೆರೆ ಉಳಿಸಿ ಎಂದೆಲ್ಲ ಬರೆಯುತ್ತಾರೆ. ನಾನು ನಿಮ್ಮ ಗೇಮಿಂಗ್ ಕಂಪ್ಯೂಟರಿನ ಬಗ್ಗೆ ಬರೆಯುತ್ತಿದ್ದೇನೆ. ದೊಡ್ಡ ವಿಷಯ ಬರೆಯುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಅದು ಇನ್ನೂ ನಮ್ಮ ಮನೆಯಲ್ಲಿದೆ. ಅಂದರೆ ಕ್ಯಾಬಿನೆಟ್ ಇದೆ. ಒಳಗೆ ನಿಮ್ಮ ಕಾಲದ್ದು ಎಂದು ಉಳಿದದ್ದು, ಆಟಗಳನ್ನು ಕೂಡಿಟ್ಟ ಡಿಸ್ಕನ್ನು ಬಿಟ್ಟರೆ, ಎಸ್‌ಎಂಪಿಎಸ್ ಒಂದೇ. ಗೋಡೆಯ ಕರೆಂಟನ್ನು ಪಳಗಿಸಿ ಒಳಗೆಲ್ಲ ಹಂಚುವ ಆ ಡಬ್ಬಿಯ ಹೊಟ್ಟೆಯನ್ನು ಎಷ್ಟು ಸಲ ಬಿಚ್ಚಿ ಹೊಲಿದಿದ್ದಾರೋ ಗೊತ್ತಿಲ್ಲ. ಏನು ಬದಲಾಯಿಸಿದರೋ ಅದನ್ನು ಆಯುಧಪೂಜೆಯ ದಿನ, ಕುಂಕುಮ ಹಚ್ಚುವ ಮೊದಲು, ಕ್ಯಾಬಿನೆಟ್ ಬಾಗಿಲ ಒಳಮೈಯಲ್ಲಿ ಮಾರ್ಕರಿನಿಂದ ಬರೆಯುವ ಪದ್ಧತಿ ನೀವೇ ಶುರುಮಾಡಿದ್ದು. ನೀವು ಈ ವರ್ಷ ಬರೆಯಲಿರುವ ಸಾಲು ನಮಗೆ ಇನ್ನೂ ಓದಲು ಬರುತ್ತದೆ: "ಗ್ರಾಫಿಕ್ಸ್ ಕಾರ್ಡ್ ಹೊಸಾದು ಹಾಕೇನಿ. ಎಸ್‌ಎಂಪಿಎಸ್ ಮುಂದಿನ ವರ್ಷ ನೋಡೋಣು." ಅದರ ಕೆಳಗೆ ನಿಮ್ಮ ಮಗಳು ರ್‍ಯಾಮ್ ಹೆಚ್ಚಿಸಿ ಅದೇ ಮಾತು ಬರೆದಿದ್ದಾರೆ. ಆಮೇಲಿನವರು ಪ್ರೊಸೆಸರ್ ಹಾಕಿದರು, ಬಣ್ಣದ ದೀಪ ಹಾಕಿದರು, ಕೊನೆಗೆ ಎಲ್ಲರದೂ ಅದೇ ಮುಂದಿನ ವರ್ಷ. ಕಾರ್ಡು ಹೊಸದಾದರೆ ಚಿತ್ರ ಚೆಂದವಾಗುತ್ತದೆ, ಎಸ್‌ಎಂಪಿಎಸ್ ಹೊಸದಾದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕೈಯಲ್ಲಿರುವುದು ಒಂದು ಭಾಗಕ್ಕಷ್ಟೇ ಸಾಲುವಾಗ ಕಾಣದ್ದಕ್ಕೆ ಯಾರು ತಾನೇ ಖರ್ಚು ಮಾಡುತ್ತಾರೆ? ಇದು ನಿಮ್ಮ ಮನೆತನದ ಗುಣ. ಸೊಸೆಯಾಗಿ ಬಂದ ನನಗೂ ಅಂಟಿತು.

ನಮ್ಮ ಮನೆಯವರ ಹೆಸರು ಕೂಡ್ಲೆಪ್ಪ. ಬಾದಾಮಿಗೆ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದರು. ಆಮೇಲೆ ಆ ದಾರಿಯ ಮೇಲೆ ಬಿಸಿಲುಗಾವಲು ಬಂತು. ಬಿಸಿಲಿನಿಂದ ಕರೆಂಟು ತೆಗೆಯುವ ಗಾಜಿನ ಹಾಸು, ಕಣ್ಣು ಹಾಯುವಷ್ಟು ದೂರ. ರಸ್ತೆ ಅದರಡಿ ಹೋಯಿತು. ಮೂರು ವರ್ಷದ ಹಿಂದೆ ಇವರಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಊಟವೂ ಬೇಡ, ಮಾತೂ ಬೇಡ. ಆಗ ನನಗೆ ನಿಮ್ಮ ಬಸ್ಸಿನ ಆಟ ನೆನಪಾಯಿತು. ನಮ್ಮೂರಿನಿಂದ ಬಾದಾಮಿಯವರೆಗಿನ ರಸ್ತೆಯನ್ನು ನೀವೇ ಕೂತು ಮಾಡಿ ಆ ಆಟಕ್ಕೆ ಸೇರಿಸಿದ್ದೀರಲ್ಲ, ಅದು. ನಮ್ಮ ಕಾಲದ ಆಟಗಳೆಲ್ಲ ಬಾಡಿಗೆ ಪರದೆಯಲ್ಲಿ ಎಲ್ಲಿಂದಲೋ ಬರುತ್ತವೆ, ಜನ ಕೇಳದ ರಸ್ತೆಯನ್ನು ವರ್ಷದೊಳಗೆ ಅಳಿಸಿಬಿಡುತ್ತಾರೆ. ಬಾದಾಮಿ ರಸ್ತೆಯನ್ನು ಯಾರು ಕೇಳಬೇಕು?

ಸ್ಟೇರಿಂಗನ್ನು ಬಲಗೈಗೆ ಹೊಂದಿಸಿ ಕೊಟ್ಟೆ. ಮೊದಲ ದಿನವೇ ಒಂದು ತಿರುವಿನಲ್ಲಿ ಬಸ್ಸು ನಿಲ್ಲಿಸಿದರು. "ಈ ಬೇವಿನ ಗಿಡದ ಮೋಟಷ್ಟ ನಾ ನೋಡಿದ್ದು. ಇಲ್ಲಿ ಪೂರಾ ಗಿಡನ ಐತಿ ನೋಡು" ಅಂದರು. ಎಂಟು ತಿಂಗಳಲ್ಲಿ ಅವರು ಆಡಿದ ಮೊದಲ ಮಾತು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಂದಿನಿಂದ ದಿನಾ ಬೆಳಿಗ್ಗೆ ಎರಡು ಗಂಟೆ ಡ್ಯೂಟಿ. ಖಾಕಿ ಅಂಗಿ ತೊಡಿಸದೆ ಕೂರುತ್ತಿರಲಿಲ್ಲ. ಪಕ್ಕದಲ್ಲಿ ನಾನು ಮೆಂತ್ಯ ಸೊಪ್ಪು ಸೋಸುತ್ತ ಕೂತರೆ, ಹಿಂದೆ ಸರಿದು ಕೂಡು ಎಂದು ಗದರುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಕಳೆದ ದಸರೆಗೆ ನಮ್ಮ ಬಿಡಿಪಾಲು ಬಂತು. ಹಳೆಯ ಯಂತ್ರಗಳ ಬಿಡಿಭಾಗಕ್ಕೆಂದು ಐದು ವರ್ಷಕ್ಕೊಮ್ಮೆ ಕೊಡುವ ಚೀಟಿ ಅದು. ನಮ್ಮದು ಮಧ್ಯಮ ಚೀಟಿ, ಒಂದು ಒಳ್ಳೆಯ ಭಾಗ ಬರುತ್ತದೆ, ಎರಡು ಬರುವುದಿಲ್ಲ. ಬಿಡಿಭಾಗದ ಅಂಗಡಿಯ ಶಾರವ್ವ ಬಾಯಿಬಿಟ್ಟು ಹೇಳಿದಳು. "ಮೊದಲ ಎಸ್‌ಎಂಪಿಎಸ್ ಹಾಕಿಸ್ಕೊ ಯಕ್ಕಾ. ಹೊಸಾ ಕಾರ್ಡ್ ಕರೆಂಟ್ ಭಾಳ ಎಳೀತೈತಿ." ಆದರೆ ಮನೆಯವರು ಆಸೆಪಟ್ಟಿದ್ದರು. "ಬಸ್ ಹತ್ರ ಬಂದ ಮ್ಯಾಲ ಗಿಡ ಕಾಣಿಸ್ತಾವ. ದೂರಿಂದ ಕಂಡಿದ್ರ ಚಲೋ ಇತ್ತು" ಎಂದಿದ್ದರು. ಮದುವೆಯಾದ ಮೂವತ್ತು ವರ್ಷದಲ್ಲಿ ಅವರು ಏನನ್ನೂ ಕೇಳಿದವರಲ್ಲ. ನಾನು ಕಾರ್ಡನ್ನೇ ತಂದೆ. ಬಾಗಿಲ ಒಳಗೆ ನನ್ನ ಸಾಲನ್ನೂ ಬರೆದೆ. ಕೊನೆಯ ಮಾತು ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಹನ್ನೊಂದು ದಿನ ಗಿಡಗಳು ದೂರದಿಂದಲೇ ಕಂಡವು. ಹನ್ನೆರಡನೇ ದಿನ, ಅವರಿನ್ನೂ ಸ್ನಾನ ಮುಗಿಸುತ್ತಿದ್ದಾಗ, ನಾನು ಸ್ವಿಚ್ ಒತ್ತಿದೆ. ಪಟ್ ಎಂದಿತು, ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ ತಾನು ಹೋಗುವಾಗ ಕಾರ್ಡನ್ನೂ ಡಿಸ್ಕನ್ನೂ ಕರೆದುಕೊಂಡು ಹೋಯಿತು. ರಸ್ತೆ ಇದ್ದದ್ದು ಆ ಡಿಸ್ಕಿನಲ್ಲಿ. ಶಾರವ್ವ ಮೂರು ದಿನ ಹೆಣಗಿ ಕೈಚೆಲ್ಲಿದಳು. ನೂರೈವತ್ತು ವರ್ಷ ತಪ್ಪದೆ ಅದಕ್ಕೆ ಕುಂಕುಮ ಹಚ್ಚಿದ್ದೇವೆ, ಒಬ್ಬರೂ ಒಂದು ಪ್ರತಿ ಮಾಡಿಡಲಿಲ್ಲ. ನನ್ನ ಮೇಲೆ ನನಗಿರುವ ಸಿಟ್ಟಿನಲ್ಲಿ ಸ್ವಲ್ಪ ನಿಮ್ಮ ಮೇಲೂ ಇದೆ ಅಜ್ಜ, ಮುಚ್ಚಿಡುವುದಿಲ್ಲ.

ನೀವೀಗ ಯಾವ ಭಾಗ ಕೊಳ್ಳಲಿ ಎಂದು ಯೋಚಿಸುತ್ತಿರಬೇಕು. ಈ ವರ್ಷ ಕಾರ್ಡು ಬೇಡ. ಎಸ್‌ಎಂಪಿಎಸ್ ಕೊಳ್ಳಿ, ಮಿಕ್ಕಿದ್ದರಲ್ಲಿ ಒಂದು ಸಣ್ಣ ಡಿಸ್ಕು ಕೊಂಡು ಬಾದಾಮಿ ರಸ್ತೆಯ ಪ್ರತಿ ಮಾಡಿ ಬೇರೆ ಯಾರದಾದರೂ ಮನೆಯಲ್ಲಿಡಿ. ನಿಮ್ಮ ಆಟ ಒಂದು ವರ್ಷ ಮಂಕಾಗಿ ಕಾಣುತ್ತದೆ. ಕಾಣಲಿ, ನಿಮಗೆ ನೋಡಲು ನಿಜವಾದ ರಸ್ತೆಯೇ ಇದೆ.

ಮನೆಯವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಕರೆಂಟು ಹೋಗಿದೆ ಎಂದೆ. ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಕರೆಂಟು ಬಂತಾ ಎಂದು ಕೇಳುತ್ತಾರೆ, ಇನ್ನೂ ಇಲ್ಲ ಎನ್ನುತ್ತೇನೆ. ಮಂಚದ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಅವರು ಅದನ್ನೇ ನೋಡುತ್ತ, ಆಗಲಿ, ಬಂದಾಗ ಹೇಳು ಎನ್ನುತ್ತಾರೆ.

ನೀಲವ್ವ